ಹದಿನಾಲ್ಕನೇ ನಂಬರು

ಪಾಚಿ ಹಸಿರು ಬಳಿದಿದ್ದಾರೆ,
ಕುಂಚದ ಗೆರೆ ಎಣಿಸಬಹುದು, ಅಷ್ಟು ಒರಟು.
ಆದರೂ ಹಿಂಬಾಗಿಲ ಹಿಡಿಕೆಯ ಕೆಳಗಿನ ಆ ತಗ್ಗು,
ತೊಂಬತ್ತೆಂಟರ ಹಿಮದಲ್ಲಿ ಬೇಲಿಗೂಟಕ್ಕೆ ತಾಗಿಸಿದವಳು ನಾನೇ,
ಅದನ್ನು ಯಾವ ಬಣ್ಣ ಮುಚ್ಚೀತು?

ಹತ್ತೊಂಬತ್ತು ವರ್ಷ ಓಡಿಸಿದ ಬಸ್ಸು
ದಿನಸಿ ಅಂಗಡಿಯ ಪಾರ್ಕಿಂಗ್ ಮೂಲೆಯಲ್ಲಿ
ಮೂರು ದಿನದಿಂದ ನಿಂತಿದೆ.
ತಲೆಯ ಮೇಲೆ ಹೊಗೆಕೊಳವೆ, ಎರಡು ಸೈಕಲ್ಲು,
ಕಿಟಕಿಗೆ ಹೂವಿನ ಬೆಡ್‌ಶೀಟು ಹರಿದ ಪರದೆ.

ಗಡಿಗೆಯ ಬಾಯಿ ಮುಚ್ಚಬಹುದು.
ಬೇಕರಿಯಲ್ಲಿ ಲೊರೇಟಾ:
"ಕೊಳೆನೀರು ಎಲ್ಲಿ ಚೆಲ್ಲುತ್ತಾರೋ, ಯಾರು ಕಂಡರು."
ಕ್ಷೌರದ ಕುರ್ಚಿಯಿಂದ ಎಮ್ಮೆಟ್:
"ತೆರಿಗೆ ನಾವು ಕಟ್ಟಬೇಕು, ರಸ್ತೆ ಅವರು ಸವೆಸಬೇಕು."
"ಪುಣ್ಯವಂತರು, ಬಾಡಿಗೆಯ ಕಾಟವಿಲ್ಲ" ಎಂದು ನಿಟ್ಟುಸಿರಿಟ್ಟವನೂ
ತನ್ನ ಕಾರನ್ನು ಎರಡು ಗೆರೆ ಬಿಟ್ಟೇ ನಿಲ್ಲಿಸಿದ.

ಹೋದ ಜೂನಿನಲ್ಲಿ ಇನ್ನೊಂದು ಬಂದಿತ್ತು,
ಹಾಲುಬಿಳುಪು, ಮೈತುಂಬ ಸೋಲಾರ್ ಹಲಗೆ,
ಒಳಗೆ ದೇವದಾರು ಕಪಾಟು, ತಾಮ್ರದ ಸಿಂಕು.
ಇದೇ ಲೊರೇಟಾ ಮಗಳನ್ನು ಅದರ ಮೆಟ್ಟಿಲಲ್ಲಿ ನಿಲ್ಲಿಸಿ
ಫೋಟೋ ತೆಗೆದಳು, ಬನ್ನು ಕೊಟ್ಟಳು, ದುಡ್ಡು ಬೇಡವೆಂದಳು.
ಆಗ ಕೊಳೆನೀರಿನ ಮಾತು ಯಾರಿಗೂ ಹೊಳೆಯಲಿಲ್ಲ.
ನನಗೂ ಹೊಳೆಯಲಿಲ್ಲ, ಅದನ್ನೂ ಹೇಳಿಬಿಡುತ್ತೇನೆ.

ನಿನ್ನೆ ಕತ್ತಲಾದ ಮೇಲೆ ಹೋದೆ.
ಕೈಯಲ್ಲಿ ಬೀನ್ಸ್ ಸೂಪಿನ ಡಬ್ಬಿ. ನೆಪ ಬೇಕಲ್ಲ.
ಮಡಚುವ ಬಾಗಿಲು ಅದೇ ಕೀರಲು ದನಿಯಲ್ಲಿ ತೆರೆಯಿತು,
ನನ್ನ ಬಲಗೈ ಇಲ್ಲದ ಲಿವರನ್ನು ಎಳೆಯಿತು.

ಅವಳ ಹೆಸರು ರೊಯಾನ್. ವೃದ್ಧಾಶ್ರಮದಲ್ಲಿ ರಾತ್ರಿಪಾಳಿ ಮಾಡಿದವಳು.
ಎರಡೇ ವರ್ಷದಲ್ಲಿ ಬಾಡಿಗೆ ದುಪ್ಪಟ್ಟಾಯಿತಂತೆ,
ಹರಾಜಿನಲ್ಲಿ ನಾಲ್ಕು ಸಾವಿರಕ್ಕೆ ಇದನ್ನು ಕೂಗಿದಳಂತೆ.
ಪೂರ್ವಕ್ಕೆ ಹೋಗಬೇಕು, ಸಕ್ಕರೆ ಬೀಟಿನ ಕೊಯ್ಲಿಗೆ;
ಕೊಯ್ಲು ಶುರುವಾಗುವುದು ತಿಂಗಳ ಕೊನೆಗೆ,
"ಅಲ್ಲಿಯವರೆಗೆ ಎಲ್ಲಾದರೂ ನಿಲ್ಲಬೇಕಲ್ಲ?"

ಏಳನೇ ಸಾಲಿನ ಸೀಟಿದ್ದಲ್ಲಿ ಮಗನ ಹಾಸಿಗೆ.
ಒಂಬತ್ತರ ಹುಡುಗ ತಗಡಿನ ಡಬ್ಬಿ ತಂದು ಸುರಿದ,
ಸೀಟು ಕಿತ್ತಾಗ ಅಡಿಯಲ್ಲಿ ಸಿಕ್ಕಿದ್ದಂತೆ:
ಒಂಟಿ ಕೈಗವಸು, ಕಲ್ಲಾದ ಚೂಯಿಂಗ್‌ಗಮ್, ಗೋಲಿ,
ಮತ್ತೆ ಗುಲಾಬಿ ಬಣ್ಣದ, ಹಲ್ಲಿಗೆ ಹಾಕುವ ತಂತಿಯ ಕ್ಲಿಪ್ಪು.

ಅಯ್ಯೋ ದೇವರೇ, ಅದು ಲೈಲ್‌ನದು!
ಕಳೆದ ದಿನ ಅವನಮ್ಮ ನಿಲ್ದಾಣದಲ್ಲೇ ಕೂಗಾಡಿದ್ದಳು,
ನಾನು ಟಾರ್ಚು ಹಿಡಿದು ಸೀಟಿನಡಿ ತೆವಳಿದ್ದೆ.

ಬಾಗಿಲು ಬಡಿದ ಸದ್ದು. ಕನ್ನಡಕದ ಮೇಲೆ ಬೆಳಕು.
"ಮೇಡಂ, ದೂರು ಬಂದಿದೆ" ಎಂದ ದನಿಯೂ ಲೈಲ್‌ನದೇ,
ಈಗ ನಕ್ಷತ್ರದ ಬಿಲ್ಲೆ, ಸೊಂಟದಲ್ಲಿ ಪಿಸ್ತೂಲು.
ಡ್ರೈವರ್ ಸೀಟಿನಲ್ಲಿ ನನ್ನನ್ನು ಕಂಡು
ಟೋಪಿ ತೆಗೆದ, ಇಪ್ಪತ್ತು ವರ್ಷದ ಹಿಂದಿನಂತೆ.

ಹುಡುಗ ಕ್ಲಿಪ್ಪು ಚಾಚಿದ.
ಲೈಲ್ ಬೆಳಕಿಗೆ ಹಿಡಿದು ನೋಡಿದ, ನಕ್ಕ, ಜೇಬಿಗಿಟ್ಟುಕೊಂಡ.
"ಬೆಳಗ್ಗೆ ಏಳರೊಳಗೆ" ಎಂದ, ಹೊರಡುವಾಗ, ಮೆಲ್ಲಗೆ.
ಹೇಳಲೇಬೇಕಿತ್ತು ಅಂತಲೂ ಅಂದ.

ಏಳಕ್ಕೆ ಐದು ನಿಮಿಷ.
ಹೆದ್ದಾರಿಗೆ ಮೂತಿ ಚಾಚಿ ನಿಂತಿದೆ ಹಸಿರು ಬಸ್ಸು,
ಗಿರಣಿಯ ಪಾಳಿಗೆ ಹೋಗುವವರ ಸಾಲು ಕಡಿಯುವುದೇ ಇಲ್ಲ.
ಒಂದು ಕಾಲಕ್ಕೆ ಇದರ ಪಕ್ಕೆಯಿಂದ ಕೆಂಪು ಫಲಕ ಹೊರಚಾಚಿದರೆ
ಎರಡೂ ಕಡೆ ಮೊಂಟಾನಾ ನಿಲ್ಲುತ್ತಿತ್ತು,
ಮರದ ಲಾರಿ, ಪಾದ್ರಿಯ ಕಾರು, ಎಲ್ಲರೂ.
ಫಲಕ ಕಿತ್ತಿದ್ದಾರೆ, ಕಾನೂನಂತೆ.
ನಾಲ್ಕು ಬೋಲ್ಟಿನ ತೂತು ಉಳಿದಿವೆ.

ನಾನು ರಸ್ತೆಗಿಳಿದೆ, ಚಪ್ಪಲಿಯಲ್ಲೇ.
ಎಡಗೈ ನೇರಕ್ಕೆ ಚಾಚಿದೆ, ಭುಜ ನೋಯುವಷ್ಟು.

ಎಮ್ಮೆಟನ ಪಿಕಪ್ಪು ಹಾರ್ನ್ ಹೊಡೆಯಿತು,
ಮತ್ತೊಮ್ಮೆ ಹೊಡೆಯಿತು,
ನಿಂತಿತು.