ಕಲೆ

ರಾಯಭಾರ ಎಂಬುದೊಂದು ಕಲೆ ಎಂದು
ಹೊಸದಾಗಿ ಬಂದವರಿಗೆಲ್ಲ ಹೇಳುತ್ತಿದ್ದರು ದೊಡ್ಡ ಸಾಹೇಬರು,
ಬ್ರೀಚ್ ಕ್ಯಾಂಡಿಯ ಕಡಲು ಕಾಣುವ ಪಡಸಾಲೆಯಲ್ಲಿ.
ನಾನೂ ಹೌದೆನ್ನುವೆ.
ಹದಿನೇಳು ವರ್ಷ ಆ ದೇಶದ ಅಂಗಿ ಒಗೆದವನು,
ಎಂಥೆಂಥ ಕಲೆ ಎಂದು ಅಗಸನಿಗೆ ಗೊತ್ತಿರುವಷ್ಟು
ಅರಸನಿಗೆ ಗೊತ್ತೆ?

ನಿಶ್ಶಸ್ತ್ರೀಕರಣದ ಊಟದ ಮರುದಿನ ಏಡಿಸಾರು.
ಗಾಂಧಿ ಜಯಂತಿಯ ಮರುದಿನ ರಮ್ಮು.
ಮತ್ತೆ, ಫೆಬ್ರವರಿಯ ಒಂದು ಸೋಮವಾರ,
ಕಿರಿಯ ಸಾಹೇಬರ ಎಡತೋಳಿನ ಪಟ್ಟಿಯ ಮೇಲೆ
ಹಲ್ಲು ನಟ್ಟ ಗುರುತು, ಸುತ್ತ ಕಂದಿದ ರಕ್ತ.

ಮಹಡಿ ಒರೆಸುವ ಪ್ರಮಿಳಾ ಘಾಡಿ
ಅಂದಿನಿಂದ ಬರಲಿಲ್ಲ.
ಠಾಣೆಗೆ ಹೋಗಿದ್ದಳಂತೆ.
ಅವರಿಗೆ ವಿನಾಯಿತಿ ಇದೆ ತಾಯಿ, ಎಂದರಂತೆ.
ನಾನು ಆ ತೋಳನ್ನು
ತಣ್ಣೀರಿಗೆ ಉಪ್ಪು ಹಾಕಿ ನೆನೆಸಿದ್ದೆ.
ಬಿಸಿನೀರು ಸೋಕಿದರೆ ರಕ್ತ ಕಚ್ಚಿ ಕೂರುತ್ತದೆ,
ಅಪ್ಪ ಕಲಿಸಿದ ವಿದ್ಯೆ.
ಬೆಳ್ಳಗಾಯಿತು. ಮಡಿಸಿ ಕೊಟ್ಟೆ.

ಮೂರು ವರ್ಷದ ಓವರ್‌ಟೈಮ್ ದುಡ್ಡು ಬಾರದೆ
ನಾವು ಇಪ್ಪತ್ತೊಂದು ಮಂದಿ ಗೇಟಿನೆದುರು ಕೂತೆವು.
ಬೇಡಿಕೆ ಆರು.
ಟೈಪು ಮಾಡಿದವಳು ವೀಸಾ ಕಿಟಕಿಯ ರೊಕ್ಸಾನಾ.
ಒಳಗಿನಿಂದ ಚೀಟಿ ಬಂತು:
ಈ ನೆಲ ನಿಮ್ಮ ಕಾನೂನಿನದಲ್ಲ.
ಫುಟ್‌ಪಾತು ನಮ್ಮದೇ ತಾನೆ, ಎಂದ ಅಡುಗೆಯ ಕೊಗ್ಗಣ್ಣ,
ಅಲ್ಲೇ ಸ್ಟೋವು ಹಚ್ಚಿ ಚಾ ಇಟ್ಟ.

ಒಂಬತ್ತನೆಯ ದಿನ ದೊಡ್ಡ ಸಾಹೇಬರೇ ಬಂದರು,
ಬನಿಯನ್ನಿನಲ್ಲಿ, ಕೈಯಲ್ಲಿ ಮುದ್ದೆಯಾದ ಅಂಗಿ.
ಸಂಜೆ ನರಿಮನ್ ಪಾಯಿಂಟಿನಲ್ಲಿ ಭಾಷಣ.
ವಿಷಯ: ಶ್ರಮದ ಘನತೆ.
ಐದೇ ನಿಮಿಷ, ಅಂದರು ಹಿಂದಿಯಲ್ಲಿ,
ನಾಲ್ಕು ವರ್ಷದಲ್ಲಿ ಮೊದಲ ಸಲ ನನ್ನನ್ನು ಹೆಸರು ಹಿಡಿದು ಕರೆದು.
ಅದೂ ತಪ್ಪು ಹೆಸರು.
ಯಾರೂ ಏಳಲಿಲ್ಲ. ಡ್ರೈವರ್ ಡೊಮಿನಿಕ್ ಮಾತ್ರ
ಜೋರಾಗಿ ಸೀನಿದ.

ಮರುದಿನದ ಪೇಪರಿನಲ್ಲಿ ಫೋಟೋ. ಸುಕ್ಕಿಲ್ಲ ಎಲ್ಲೂ.
ಪಕ್ಕದ ರಾಷ್ಟ್ರದವರು ತಮ್ಮ ಇಸ್ತ್ರಿಯವನನ್ನು ಕಳಿಸಿದ್ದರಂತೆ,
ಅವರ ಪಕ್ಕದವರು ಡ್ರೈವರನ್ನು.
ಒಂದು ನದಿಗಾಗಿ ನಲವತ್ತು ವರ್ಷ ಕಿತ್ತಾಡಿದವರು!
ಒಳ್ಳೇ ಕೈ, ಕಾಲರು ನೋಡಿ, ಅಂದುಬಿಟ್ಟೆ.
ಅಂದ ಮೇಲೆ ನಾಚಿಕೆಯಾಯಿತು.
ಎಷ್ಟು ಒಳ್ಳೇ ಕೈ ನನ್ನದೂ.

ರಾತ್ರಿ ರೊಕ್ಸಾನಾಳ ಪೆನ್ನು ಕೇಳಿ
ಆರರ ಕೆಳಗೆ ಏಳು ಎಂದು ಬರೆದೆ.
ಪ್ರಮಿಳಾ ಎಂದು ಬರೆದೆ,
ನನಗೆ ಬರುವ ಕನ್ನಡದಲ್ಲೇ:
ತೋಳು, ಹಲ್ಲು, ಉಪ್ಪುನೀರು, ತಾರೀಕು.
ಯಾರು ಒಗೆದದ್ದು, ಅದೂ.
ಏನಿದು, ಓದಿ ಹೇಳು, ಎಂದರು ಉಳಿದವರು.
ಕೊಗ್ಗಣ್ಣ ತನ್ನಷ್ಟಕ್ಕೆ ಓದಿಕೊಂಡ.
ಸ್ಟೋವು ಆರಿಸಿದ.
ನನ್ನ ಕಡೆ ನೋಡಲಿಲ್ಲ.

ಪೆನ್ನು ಸೋರಿ ಹೆಬ್ಬೆರಳಿಗೆ ಮಸಿ ಹತ್ತಿದೆ.
ನಿಂಬೆಹುಳಿ ತಿಕ್ಕಿದರೆ ಹೋಗುತ್ತದೆ.
ತಿಕ್ಕಿಲ್ಲ.