ಹ್ಯಾರೊಗೇಟಿನ ಚಿನಿವಾರ

ಮೊದಲು ಬೆಳಕು. ಆಮೇಲೆ ಭೂತಗನ್ನಡಿ.
ಎಲ್ಲಕ್ಕೂ ಕೊನೆಗೆ, ನಾಚಿಕೆ ಬಿಟ್ಟು, ಮೂಗು.
ನಮ್ಮ ಕಡೆ ಚಿನಿವಾರ ಅನ್ನುತ್ತಿದ್ದರು ಇಂಥವನನ್ನು;
ಅವನಿಗೆ ಒರೆಗಲ್ಲಾದರೂ ಇತ್ತು.
ಮೂವತ್ತೊಂದು ವರ್ಷದಿಂದ ನಾನು ಈ ಊರಲ್ಲಿ
ಜನ ತಂದ ನಾಣ್ಯ ಮೂಸಿ ಬದುಕಿದ್ದೇನೆ.

ಬಣ್ಣಗೆಟ್ಟದ್ದೆಲ್ಲ ಟಂಕಸಾಲೆಯ ತಪ್ಪೇ ಆಗಿರಲೆಂದು
ಎಲ್ಲರಿಗೂ ಆಸೆ. ನಮ್ಮ ಪೇಟೆಯಲ್ಲಿ
ತಪ್ಪಿಗೇ ಬೆಲೆ ಹೆಚ್ಚು.

ಸ್ಕಿಪ್ಟನ್ನಿನ ಹುಡುಗ ಬೆಳ್ಳಿಯ ಪೆನ್ನಿ ತಂದ.
ಶಾಲೆಯ ಲ್ಯಾಬಿನ ಸತು ಕಣಯ್ಯಾ, ಅಂದೆ.
ಅವನ ಕಿವಿಗಳು ತಾಮ್ರವಾದವು.
ನೇರ್ಸ್‌ಬರೋದ ಕಟುಕ ತಂದದ್ದು ನವಿಲುಗರಿ.
ನೋಡಪ್ಪಾ, ಬಣ್ಣ ಅಂಚಿನಿಂದ ಒಳಕ್ಕೆ ನಡೆದು ಬರುತ್ತದೆ,
ಹಳದಿ, ನೇರಳೆ, ಆಮೇಲೆ ನೀಲಿ, ಅವಸರವಿಲ್ಲದೆ.
ಇದು ಒಂದೇ ರಾತ್ರಿ ಎರಚಿದ್ದು, ಅಕ್ಷರದ ಸಂದಿಗೂ ಇಳಿದಿಲ್ಲ.
ಆಲೂಗಡ್ಡೆಯೊಳಗಿಟ್ಟು ಬೇಯಿಸಿದ್ದಾನೆ ಯಾರೋ.
"ಯಾರೋ," ಎಂದು ಅವನೂ ನಕ್ಕ.

ಅಂಟಂಟು ಹಸಿರಾದರೆ ಪ್ಲಾಸ್ಟಿಕ್ ಚೀಲ.
ಅಡ್ಡ ಕಪ್ಪು ಗೆರೆಯಾದರೆ ರಬ್ಬರ್ ಬ್ಯಾಂಡು.
ಎಣ್ಣೆನೀರಾದ ಮಗುವಿನಂತೆ ಗುಲಾಬಿ ತಾಮ್ರ ಕಂಡರೆ
ಸೋದರತ್ತೆಯ ನೆನಪು: ಹುಣಸೆಹಣ್ಣು, ಬೂದಿ, ರಟ್ಟೆಯ ಬಲ.
ಅಜ್ಜನ ಪೆಟ್ಟಿಗೆಯ ಕಾಸುಗಳನ್ನು ಹಬ್ಬದ ಹಿಂದಿನ ದಿನ
ಫಳಫಳ ಬೆಳಗಿ
ನೂರು ವರ್ಷವನ್ನು ಬಚ್ಚಲಿಗೆ ಚೆಲ್ಲಿದ್ದಳು.

ಟಂಕಸಾಲೆಯೇ ಕಪ್ಪು ಮಾಡಿ ಬಿಟ್ಟ ಫಾರ್ದಿಂಗುಗಳೂ ಉಂಟು,
ಚಿನ್ನವೆಂದು ಯಾರೂ ದಾಟಿಸದಿರಲಿ ಅಂತ.
ಅದನ್ನು ಕೊಳೆಯೆಂದು ಉಜ್ಜಿ ತಂದವರಿಗೆ
ಏನು ಹೇಳುವುದು?

ಅಂಗಡಿ ಮುಚ್ಚುವ ಹೊತ್ತಿಗೆ ಮ್ಯಾರಿಯನ್ ಥ್ವೇಟ್
ಕೈವಸ್ತ್ರದ ಗಂಟು ಬಿಚ್ಚಿದಳು.
ಸಾವಿರದ ಒಂಬೈನೂರ ಇಪ್ಪತ್ತೊಂದರ ಅರ್ಧ ಕ್ರೌನು.
ರಾಜನ ಕಡೆ ಮಾಮೂಲಿ ಬೂದು. ಮಗುಚಿದರೆ
ಅಂಚಿನ ಸುತ್ತ ಇರುಳಿನ ನೀಲಿ,
ನಡುವೆ, ಕೊಂಚ ಓರೆಯಾಗಿ, ಬೆಳ್ಳನೆ ಬಿಲ್ಲೆ.
ಕಂಕಣ ಗ್ರಹಣವನ್ನು ಒಳಹೊರಗು ಮಾಡಿದಂತೆ.
"ಎರಡು ಲೋಹದ್ದಲ್ಲವೆ? ತಪ್ಪು ಅಚ್ಚಲ್ಲವೆ?"

ಎಲ್ಲಿತ್ತು, ಕೇಳಿದೆ.
ಅಜ್ಜಿ ಗಂಧಕದ ಬಾವಿಯ ಮನೆಯಲ್ಲಿ
ಕೀಲುನೋವಿನ ಶ್ರೀಮಂತರಿಗೆ ಲೋಟ ತುಂಬಿಕೊಡುತ್ತಿದ್ದಳಂತೆ,
ಕೊಳೆತ ಮೊಟ್ಟೆ ನಾರುವ ನೀರು.
ಭಕ್ಷೀಸೆಲ್ಲ ಅಲ್ಲೇ ಕಿಟಕಿ ಕಟ್ಟೆಯ ಮೇಲೆ,
ಮುಚ್ಚಳವಿಲ್ಲದ ತಗಡಿನ ಡಬ್ಬಿಯಲ್ಲಿ.

ತಪ್ಪಲ್ಲ, ಅಂದೆ. ಗಾಳಿ. ಊರಿನ ಗಾಳಿ ಕುಡಿದಿದೆ.
ಆಕೆಯ ಮುಖದಲ್ಲಿ
ಇನ್ನೂ ಹೊದಿಸದ ಹೊಸ ಛಾವಣಿಯೊಂದು ಕುಸಿಯಿತು.

"ಮತ್ತೆ ಈ ಬಿಳುಪು?"
ಅಳತೆ ಹಿಡಿದೆ. ಇಪ್ಪತ್ತಮೂರೂವರೆ ಮಿಲಿಮೀಟರು.
ಶಿಲಿಂಗಿನ ಅಗಲ.
ಇದರ ಮೇಲೆ ಇನ್ನೊಂದು ಮಲಗಿತ್ತು, ಕದಲದೆ, ಬಹಳ ವರ್ಷ.
ಅದು ಮುಚ್ಚಿದಷ್ಟು ಜಾಗವನ್ನು ಗಾಳಿ ಮುಟ್ಟಲಿಲ್ಲ.

ಹೊರಗೆ ಲೀಡ್ಸ್‌ನ ಬಸ್ಸು ನಿಂತು, ಉಸಿರು ಬಿಟ್ಟು, ಹೋಯಿತು.
"ನೆವಿಲ್ ತೆಗೆದುಕೊಂಡ," ಎಂದಳು.
"ಅಜ್ಜಿಯನ್ನು ಮಣ್ಣು ಮಾಡಿ ಬಂದ ಸಂಜೆ.
ನಾನು ಎಣಿಸಿಟ್ಟದ್ದು ಅವನಿಗೆ ಗೊತ್ತಿರಲಿಲ್ಲ."
ಅಣ್ಣನೋ?
"ತಮ್ಮ. ಮಾತು ಬಿಟ್ಟು ಇಪ್ಪತ್ತಾರು ವರ್ಷ. ಶಿಲಿಂಗಿಗಲ್ಲ.
ಶಿಲಿಂಗಿಗೂ."

ಅವನದರ ಒಂದು ಮುಖ ಕಪ್ಪಗಿರುತ್ತದೆ, ಇನ್ನೊಂದು ಬೆಳ್ಳಗೆ.
ಹೇಳಬಾರದಿತ್ತು. ಹೇಳಿದೆ. ಕಸುಬಿನ ಚಟ.
"ತಂದರೆ ಇಲ್ಲಿ ಕೂರುತ್ತದೆಯೆ?"
ಕೂದಲೆಳೆಯಷ್ಟೂ ಬಿಡದೆ.

ಬಹಳ ಹೊತ್ತು ನೋಡಿ, ಕೇಳಿದಳು:
"ಬೆಳಗಿ ಎಲ್ಲ ಒಂದೇ ಬಣ್ಣ ಮಾಡಲಾಗದೆ?"
ಆಗುತ್ತದೆ. ಸೋಡಾ, ಅಲ್ಯುಮಿನಿಯಂ ಹಾಳೆ, ಕುದಿನೀರು, ಹತ್ತು ನಿಮಿಷ.
ಆಮೇಲೆ ಏನು ಎಲ್ಲಿತ್ತೆಂದು ಯಾವ ಚಿನಿವಾರನೂ ಹೇಳಲಾರ.

ನೀರು ಕಾಯಿಸಲೆ, ಅಂದೆ.
ಯಾವುದಕ್ಕೆಂದು ನನಗೂ ಸರಿಯಾಗಿ ಗೊತ್ತಿರಲಿಲ್ಲ.

"ಟೀಗೆ," ಎಂದಳು. "ಸಕ್ಕರೆ ಬೇಡ."