ಆರುವ ತನಕ

ಔಲಿಕ್ಕಿ ಸೊಂಟದ ಮೂಳೆ ಬದಲಿಸಿಕೊಳ್ಳಲು ವಾಸಾಕ್ಕೆ ಹೋದ ಹನ್ನೊಂದು ದಿನ
ಅವಳ ಹದಿನಾಲ್ಕು ಹಸುಗಳಿಗೆ ನಾನು ಬದಲಿ ಕೈ.
ಇದೇ ನನ್ನ ಕಸುಬು. ಕೌಹವಾದ ಬಯಲಲ್ಲಿ
ಯಾರದೋ ಬೂಟು, ಯಾರದೋ ಹಟ್ಟಿ, ಯಾರದೋ ರೇಡಿಯೋ.

ಮೂರನೆಯ ದಿನ ಟ್ಯಾಂಕರಿನ ತಾನೆಲಿ ಮುಚ್ಚಳವೆತ್ತಿ
ಮೂಗು ಇಳಿಸಿದ. ಏನೂ ಅನ್ನಲಿಲ್ಲ,
ಮಾದರಿ ಸೀಸೆಯ ತಿರುಪನ್ನು ಎರಡೆರಡು ಸಲ ಬಿಗಿದ.
ಐದನೆಯ ದಿನ ಡೇರಿಯ ಕಾಗದ:
ಕೊಬ್ಬು ಒಡೆಯುತ್ತಿದೆ. ಕೊಳೆಯಲ್ಲ, ಕ್ರಿಮಿಯಲ್ಲ.
ಮತ್ತೇನು ಅಂತ ಬರೆದಿರಲಿಲ್ಲ.

ಲೋಟದಲ್ಲಿ ಹಿಡಿದು ಕುಡಿದೆ.
ಮೊದಲು ಹಾಲೇ. ಆಮೇಲೆ ನಾಲಿಗೆಯ ಬುಡದಲ್ಲಿ
ಸಾಬೂನು ಸರಿಯಾಗಿ ಹೋಗದ ತಟ್ಟೆ.

ಆ ಸಂಜೆ ಬಕೆಟ್ಟು ಬೋರಲು ಹಾಕಿ ಟ್ಯಾಂಕಿನ ಪಕ್ಕ ಕೂತೆ.
ಆಗಷ್ಟೇ ಬರಿದಾಗಿ ತೊಳೆದ ಟ್ಯಾಂಕು.
ಮುಸ್ತಿಕ್ಕಾ, ಹೆಲುನಾ, ಎಲ್ಲ ಬತ್ತುಗಾಲದವು;
ಅರ್ಧ ಹಟ್ಟಿ ಕರೆದರೂ ತಳದಲ್ಲಿ ನಾಲ್ಕು ಬೆರಳು.
ಯಂತ್ರಕ್ಕೆ ಅದೆಲ್ಲ ಗೊತ್ತಿಲ್ಲ, ಮೊದಲ ಚೆಂಬಿಗೇ ಚಳಿ ಬಿಡುತ್ತದೆ.
ಕಲಕುವ ಅಲಗು ಮುಕ್ಕಾಲು ಗಾಳಿಯಲ್ಲಿ,
ಚಪ್ ಚಪ್, ಮಗು ಸ್ನಾನದ ನೀರಿಗೆ ಹೊಡೆದಂತೆ.
ಟಾರ್ಚು ಬಿಟ್ಟೆ: ನೊರೆ,
ನೊರೆಯ ಕೆಳಗೆ ಉಗುರು ದಪ್ಪದ ಮಂಜುಗಡ್ಡೆ.

ಹಾಲಿನ ಕೊಬ್ಬು ಬಿಡಿಬಿಡಿ ಹುಂಡು.
ಒಂದೊಂದಕ್ಕೂ ಈರುಳ್ಳಿಯ ಒಳಪದರದಂಥ ಪೊರೆ.
ಅದನ್ನು ಮುರಿದು ತಿನ್ನುವ ಕಿಣ್ವ ಹೊರಗಿನ ಕಳ್ಳನಲ್ಲ,
ಅದೇ ಕೆಚ್ಚಲಿಂದ ಜೊತೆಗೇ ಇಳಿದದ್ದು;
ಪೊರೆ ಗಟ್ಟಿಯಿದ್ದಷ್ಟು ದಿನ ಒಂದೇ ಸೂರಿನಡಿ ಸುಮ್ಮನೆ ಸಂಸಾರ.
ಬಡಿದರೆ, ಹೆಪ್ಪುಗಟ್ಟಿಸಿದರೆ,
ತಣಿದದ್ದರ ಮೇಲೆ ಬಿಸಿ ಸುರಿದು ಮತ್ತೆ ತಣಿಸಿದರೆ
ಬಿರುಕು.
ಕೆಡದಿರಲಿ ಎಂದು ಕರೆತಂದ ಚಳಿಯೇ
ಚಿಲಕ ತೆಗೆಯಿತು.

ಫೋನು ಮಾಡಿದೆ. ಔಲಿಕ್ಕಿ ತುಸು ಹೊತ್ತು ಸುಮ್ಮನಿದ್ದಳು.
"ಟ್ಯಾಂಕು ನಲವತ್ತು ಹಸುವಿನದು," ಅಂದಳು.
ಮಾರಿದ ಇಪ್ಪತ್ತಾರರ ಹೆಸರು
ಅವಳೂ ಹೇಳಲಿಲ್ಲ, ನಾನೂ ಕೇಳಲಿಲ್ಲ.

ಏಳನೆಯ ಸಂಜೆ ಸ್ವಿಚ್ಚು ಆರಿಸಿಟ್ಟು ಕರೆದೆ.
ಬೆಚ್ಚನೆಯ ಹಾಲು ಮೆಲ್ಲಗೆ ಏರಿತು,
ಕೊನೆಯ ಹಸುವಿಗೆ ಅಲಗು ಮುಳುಗಿತು.
ಕರೆಯುವ ತನಕ ಇದ್ದವಳಿಗೆ
ಅಲಗು ಮುಳುಗುವ ತನಕ ಇರಲು ಏನು ದಾಡಿ?
ಆಗ ಒತ್ತಿದೆ. ಸದ್ದು ಬದಲಾಗಿತ್ತು,
ದಪ್ಪ, ನಿಧಾನ, ನಿದ್ದೆಯಲ್ಲಿ ಮಗ್ಗುಲಾಗುವವರ ಹಾಗೆ.

ಸ್ವಿಚ್ಚಿನ ಮೇಲೆ ಸೀಮೆಸುಣ್ಣದಲ್ಲಿ ಬರೆದೆ: ತಡಿ.
ಮುಂದಿನ ಕಾಗದ ಬರುವಷ್ಟರಲ್ಲಿ
ನಾನು ಬೇರೆ ಯಾರದೋ ಬೂಟಿನಲ್ಲಿದ್ದೆ.